ಮೊತ್ತದಲ್ಲಿ 0.01 ವ್ಯತ್ಯಾಸ: ತಪ್ಪು ಡಬಲ್ ಕಾಲಂನದೋ, ನನ್ನ ರೌಂಡಿಂಗ್‌ನದೋ?

ಸಾಲುಲೆಕ್ಕ

ಎಲ್ಲರಿಗೂ ನಮಸ್ಕಾರ. ಮೂರು ದಿನಗಳಿಂದ 0.01 ಎಂಬ ಒಂದು ಅಂಕಿ ನನ್ನ ನಿದ್ದೆ ಕೆಡಿಸಿದೆ.

ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್, ಪ್ರೋಗ್ರಾಂ ಪೈಥಾನ್‌ನಲ್ಲಿದೆ. ಬಿಲ್ಲಿನ ಪ್ರತಿ ಸಾಲಿಗೂ ದರ, ಪ್ರಮಾಣ, ಮೊತ್ತ ಎಂಬ ಮೂರು ಕಾಲಂಗಳಿವೆ. ದರ ಡಬಲ್ ಪ್ರಿಸಿಷನ್ (ಸಂಖ್ಯೆಯನ್ನು ದ್ವಿಮಾನದಲ್ಲಿ, ಅಂದರೆ 0 ಮತ್ತು 1ರಲ್ಲಿ, ಉಳಿಸುವ ಟೈಪ್); ಪ್ರಮಾಣ ಮತ್ತು ಮೊತ್ತ ನ್ಯೂಮರಿಕ್ (ದಶಮಾಂಶ ಅಂಕಿಗಳನ್ನು ಇದ್ದಂತೆಯೇ ಉಳಿಸುವ ಟೈಪ್). ಬಿಲ್ ಮಾಡುವಾಗ ಪ್ರೋಗ್ರಾಂ ದರವನ್ನೂ ಪ್ರಮಾಣವನ್ನೂ ಗುಣಿಸಿ, ಎರಡು ದಶಮಾಂಶ ಸ್ಥಾನಗಳಿಗೆ ರೌಂಡ್ ಮಾಡಿ, ಮೊತ್ತದ ಕಾಲಂಗೆ ಬರೆಯುತ್ತದೆ. ತಿಂಗಳ ವರದಿಯ ಕ್ವೆರಿ ಅದೇ ಗುಣಾಕಾರವನ್ನು ಡೇಟಾಬೇಸಿನಲ್ಲೇ ಮತ್ತೊಮ್ಮೆ ಮಾಡಿ ತಾಳೆ ನೋಡುತ್ತದೆ. ಅಲ್ಲಿ ದರವನ್ನು ನ್ಯೂಮರಿಕ್‌ಗೆ ಬದಲಿಸಿಕೊಂಡು ರೌಂಡ್ ಮಾಡುತ್ತೇವೆ, ಏಕೆಂದರೆ ಡಬಲ್ ಬೆಲೆಗೆ ಎರಡು ಸ್ಥಾನಗಳ ರೌಂಡ್ ಕೇಳಿದರೆ ಅಂಥ ಫಂಕ್ಷನ್ನೇ ಇಲ್ಲವೆಂದು ಪೋಸ್ಟ್‌ಗ್ರೆಸ್ ಹೇಳುತ್ತದೆ.

ಬಹುತೇಕ ಸಾಲುಗಳು ತಾಳೆಯಾಗುತ್ತವೆ. ಕೆಲವು ಸಾಲುಗಳಲ್ಲಿ ಮಾತ್ರ ಉಳಿಸಿದ ಮೊತ್ತ 0.01 ಕಡಿಮೆ ಇರುತ್ತದೆ. ಹೆಚ್ಚಿಗೆ ಇದ್ದದ್ದನ್ನು ಒಮ್ಮೆಯೂ ನೋಡಿಲ್ಲ. ಪ್ರೋಗ್ರಾಂನಲ್ಲಿ ನಡುನಡುವೆ ಇನ್ನಷ್ಟು ರೌಂಡ್‌ಗಳನ್ನು ಸೇರಿಸಿ ನೋಡಿದೆ. ತಾಳೆಯಾಗದ ಸಾಲುಗಳು ಹೆಚ್ಚಾದವು. ಎಲ್ಲಿಂದ ಹುಡುಕಲಿ?

ದ್ವಿಮಾನ

ಮೊದಲು ಡಬಲ್ ಎಂದರೇನು ಎಂಬುದನ್ನು ಕಣ್ಣಾರೆ ನೋಡಿಬಿಡಿ. ಪೈಥಾನ್‌ನಲ್ಲಿ 0.1 ಎಂದು ಬರೆದರೆ ಯಂತ್ರದಲ್ಲಿ ಕೂರುವುದು ಈ ಸಂಖ್ಯೆ:

0.1000000000000000055511151231257827021181583404541015625

ಹತ್ತನೇ ಒಂದು ಭಾಗವನ್ನು ದ್ವಿಮಾನದಲ್ಲಿ ಬರೆಯಲು ಹೊರಟರೆ 0011 ಎಂಬ ತುಣುಕು ಕೊನೆಯಿಲ್ಲದೆ ಮರುಕಳಿಸುತ್ತದೆ. ಮೂರನೇ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯುವಾಗ ನಮಗೆ ಆಗುವುದೂ ಇದೇ ಅಲ್ಲವೇ? 1985ರ ಐಇಇಇ 754 ಮಾನಕದ ಪ್ರಕಾರ ಡಬಲ್‌ಗೆ 64 ಬಿಟ್‌ಗಳು: ಚಿಹ್ನೆಗೆ 1, ಘಾತಕ್ಕೆ 11, ಭಿನ್ನಭಾಗಕ್ಕೆ 52. ಆ 52 ಬಿಟ್‌ಗಳಲ್ಲಿ ಹಿಡಿಯದ ಬಾಲವನ್ನು ಹತ್ತಿರದ ಬೆಲೆಗೆ ಕತ್ತರಿಸಿ ಇಡುತ್ತಾರೆ. 0.5, 0.25, 0.375 ಇಂಥವು ಚೊಕ್ಕಟವಾಗಿ ಕೂರುತ್ತವೆ. ಎರಡು ದಶಮಾಂಶದ ಮೊತ್ತಗಳಲ್ಲಿ .00, .25, .50, .75 ಬಿಟ್ಟು ಬೇರೆ ಯಾವುದೂ ಸರಿಯಾಗಿ ಕೂರುವುದಿಲ್ಲ.

ಇನ್ನೊಂದು ಮಾತು. ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್‌ನಲ್ಲಿ 0.1 + 0.2 ಎಷ್ಟು ಎಂದು ನೇರವಾಗಿ ಕೇಳಿದರೆ 0.3 ಎಂದೇ ಉತ್ತರ ಬರುತ್ತದೆ. ಅದನ್ನು ನೋಡಿ ಡೇಟಾಬೇಸಿಗೆ ಈ ತೊಂದರೆಯೇ ಇಲ್ಲ ಎಂದು ನಂಬಿದವರನ್ನು ಕಂಡಿದ್ದೇನೆ. ಅಲ್ಲಿ ಚುಕ್ಕಿಯಿಟ್ಟು ಬರೆದ ಸಂಖ್ಯೆಯನ್ನು ದಶಮಾಂಶ ಟೈಪ್ ಎಂದು ಓದುವುದರಿಂದ ಹಾಗೆ. ಡಬಲ್ ಕಾಲಂನಲ್ಲಿಟ್ಟ ಅವೇ ಎರಡು ಬೆಲೆಗಳನ್ನು ಕೂಡಿಸಿ, 0.30000000000000004 ಬರುತ್ತದೆ.

ಕೋಷ್ಟಕ

ಸಾಲುಲೆಕ್ಕ ಅವರೇ, ತಾಳೆಯಾಗದ ಒಂದೇ ಒಂದು ಸಾಲನ್ನು ಇಲ್ಲಿ ಹಾಕಿ. ಪ್ರೋಗ್ರಾಂನಲ್ಲಿ ಗುಣಾಕಾರ ಮಾಡುವ ಸಾಲನ್ನೂ ತಿಳಿಸಿ. ಪ್ರಮಾಣ ನ್ಯೂಮರಿಕ್ ಅಂದಿರಿ. ಅದು ಪೈಥಾನ್‌ಗೆ ಡೆಸಿಮಲ್ ಆಗಿ, ಅಂದರೆ ಅದರ ದಶಮಾಂಶ ಟೈಪ್ ಆಗಿ ಬರುತ್ತದೆ. ದರ ಡಬಲ್, ಅದು ಫ್ಲೋಟ್ ಆಗಿ ಬರುತ್ತದೆ (ಡಬಲ್‌ಗೆ ಪೈಥಾನ್‌ನಲ್ಲಿರುವ ಹೆಸರು). ಅವೆರಡನ್ನು ಪೈಥಾನ್ ಗುಣಿಸಲು ಒಪ್ಪುವುದೇ ಇಲ್ಲ. ನಿಮ್ಮಲ್ಲಿ ಹೇಗೆ ಒಪ್ಪಿತು?

ಸಾಲುಲೆಕ್ಕ

ನೀವು ಕೇಳಿದ ಮೇಲೆ ತೆರೆದು ನೋಡಿದೆ. ಯಾರೋ ಹಿಂದೆ ಪ್ರಮಾಣದ ಸುತ್ತ ಫ್ಲೋಟ್ ಎಂದು ಹಾಕಿದ್ದಾರೆ. ಆ ಬದಲಾವಣೆಯ ಟಿಪ್ಪಣಿಯಲ್ಲಿ "ಟೈಪ್ ದೋಷ ಸರಿಪಡಿಸಲಾಗಿದೆ" ಎಂದಷ್ಟೇ ಇದೆ.

ಸಾಲು ಇದು: ದರ 2.675, ಪ್ರಮಾಣ 1. ಪ್ರೋಗ್ರಾಂ ಉಳಿಸಿದ್ದು 2.67. ವರದಿ ಹೇಳುವುದು 2.68. ಪ್ರಮಾಣ ಒಂದೇ ಆಗಿರುವಾಗ ಗುಣಾಕಾರದಲ್ಲಿ ತಪ್ಪಾಗಲು ಏನಿದೆ ಎಂದು ನನಗೆ ಅರ್ಥವಾಗುತ್ತಿಲ್ಲ.

ಕೋಷ್ಟಕ

ಬಹಳ ಒಳ್ಳೆಯ ಸಾಲನ್ನೇ ಹಿಡಿದಿದ್ದೀರಿ. ಗುಣಾಕಾರ ಇಲ್ಲಿ ನಿರಪರಾಧಿ.

ಪೈಥಾನ್‌ನಲ್ಲಿ 2.675 ಎಂಬ ಫ್ಲೋಟನ್ನು ಹಾಗೆಯೇ ಡೆಸಿಮಲ್‌ಗೆ ಕೊಟ್ಟು ಮುದ್ರಿಸಿ. 2.67499999999999982236431605997495353221435546875 ಎಂದು ಬರುತ್ತದೆ. ಅಂದರೆ ನಿಮ್ಮ ಕಾಲಂನಲ್ಲಿ 2.675 ಎಂದೂ ಇರಲಿಲ್ಲ. ಅದಕ್ಕಿಂತ ಒಂದು ಕೂದಲೆಳೆ ಕೆಳಗಿನ ಬೆಲೆ ಇತ್ತು. ಆ ಬೆಲೆಯನ್ನು ಎರಡು ಸ್ಥಾನಕ್ಕೆ ರೌಂಡ್ ಮಾಡಿದರೆ 2.67 ಬರುವುದೇ ಸರಿ. ಪೈಥಾನ್ ತನ್ನ ಕೈಗೆ ಕೊಟ್ಟ ಸಂಖ್ಯೆಗೆ ನ್ಯಾಯವಾಗಿಯೇ ಉತ್ತರಿಸಿದೆ.

ವರದಿಯಲ್ಲಿ ಏನಾಯಿತು? ಡಬಲ್ ಅನ್ನು ನ್ಯೂಮರಿಕ್‌ಗೆ ಬದಲಿಸುವಾಗ ಪೋಸ್ಟ್‌ಗ್ರೆಸ್ 15 ಸಾರ್ಥಕ ಅಂಕಿಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಆಗ ಬಾಲದ ಕಸ ಉದುರಿ 2.675 ಮತ್ತೆ ಚೊಕ್ಕಟವಾಗುತ್ತದೆ. ನ್ಯೂಮರಿಕ್ ರೌಂಡ್ ಸರಿ ಅರ್ಧವನ್ನು ಮೇಲಕ್ಕೆ ಒಯ್ಯುವುದರಿಂದ 2.68 ಬಂತು. ಒಂದೇ ದರ, ಎರಡು ದಾರಿ, ಎರಡು ಉತ್ತರ.

ವ್ಯತ್ಯಾಸ ಸದಾ ಕಡಿಮೆಯ ಕಡೆಗೇ ಏಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ತಕರಾರು ಇರುವುದು ಮೂರನೇ ಸ್ಥಾನದಲ್ಲಿ ಸರಿಯಾಗಿ 5 ಬಂದು ನಿಲ್ಲುವ ಬೆಲೆಗಳಲ್ಲಿ ಮಾತ್ರ. ಅವನ್ನು ವರದಿ ಯಾವಾಗಲೂ ಮೇಲಕ್ಕೆ ಒಯ್ಯುತ್ತದೆ. ಪ್ರೋಗ್ರಾಂನಲ್ಲಿ ಕೆಲವು ಬೆಲೆಗಳ ಡಬಲ್ ರೂಪ ಅರ್ಧಕ್ಕಿಂತ ಮೇಲಿದ್ದು ಅವೂ ಮೇಲೇರುತ್ತವೆ, ಕೆಳಗಿರುವವು ಇಳಿಯುತ್ತವೆ. ಇಳಿದವು ಮಾತ್ರ ನಿಮ್ಮ ಕಣ್ಣಿಗೆ ಬೀಳುತ್ತಿವೆ.

ಆ ಟಿಪ್ಪಣಿಯ ಬಗ್ಗೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಡೆಸಿಮಲ್ ಮತ್ತು ಫ್ಲೋಟ್ ಗುಣಿಸಲು ಪೈಥಾನ್ ನಿರಾಕರಿಸಿದ್ದು ಒಂದು ಎಚ್ಚರಿಕೆ. ಬಾಗಿಲಲ್ಲಿ ನಿಂತು ತಡೆಯುತ್ತಿದ್ದ ಕಾವಲುಗಾರನನ್ನೇ ಮನೆಗೆ ಕಳುಹಿಸಿ, ದೋಷ ಸರಿಹೋಯಿತು ಎಂದು ಬರೆದಿದ್ದಾರೆ.

ಚಿಕ್ಕ ಬಾಲ ಎಂದು ಕಡೆಗಣಿಸುವವರಿಗೆ ವ್ಯಾಂಕೂವರ್ ಷೇರು ವಿನಿಮಯ ಕೇಂದ್ರದ ಸೂಚ್ಯಂಕವನ್ನು ನೆನಪಿಸುತ್ತೇನೆ. 1982ರ ಜನವರಿಯಲ್ಲಿ 1000ದಿಂದ ಆರಂಭಿಸಿದರು. ಪ್ರತಿ ವಹಿವಾಟಿನ ನಂತರ ಸೂಚ್ಯಂಕವನ್ನು ಹೊಸದಾಗಿ ಲೆಕ್ಕ ಹಾಕುತ್ತಿದ್ದರು. ಮೂರು ದಶಮಾಂಶ ಸ್ಥಾನದ ಆಚೆಯದನ್ನು ರೌಂಡ್ ಮಾಡದೆ ಕತ್ತರಿಸಿ ಎಸೆಯುತ್ತಿದ್ದರು. ಪ್ರತಿ ಬಾರಿ ಹೋಗುತ್ತಿದ್ದದ್ದು ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524.811ಕ್ಕೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ 1098.892 ಬಂತು. ಗಮನಿಸಿ, ಅಲ್ಲಿ ತಪ್ಪು ದ್ವಿಮಾನದ್ದಲ್ಲ. ಬಾಲವನ್ನು ಹೇಗೆ ಕತ್ತರಿಸಬೇಕು ಎಂದು ಯಾರೂ ಕುಳಿತು ತೀರ್ಮಾನಿಸಿರಲಿಲ್ಲ.

ಅಳತೆಗಾರ

ಡಬಲ್ ಅಂದರೆ ಅಪಾಯ ಎಂಬ ಹಾಗೆ ಮಾತು ಸಾಗುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ. ನಾನು ದಿನವಿಡೀ ಸಂವೇದಕಗಳ ದತ್ತಾಂಶದಲ್ಲಿ ಕೆಲಸ ಮಾಡುವವನು. ತಾಪಮಾನ, ಒತ್ತಡ, ಕಂಪನ. ಉಪಕರಣವೇ ಮೂರನೆಯ ಅಂಕಿಯಲ್ಲಿ ತೂಗಾಡುತ್ತಿರುವಾಗ ಹದಿನೇಳನೆಯ ಅಂಕಿಯ ಬಗ್ಗೆ ಚಿಂತಿಸುವುದರಲ್ಲಿ ಅರ್ಥವಿಲ್ಲ. ಅಲ್ಲಿ ನ್ಯೂಮರಿಕ್ ಬಳಸಿದರೆ ಜಾಗವೂ ಹೆಚ್ಚು, ಲೆಕ್ಕವೂ ನಿಧಾನ, ಲಾಭ ಶೂನ್ಯ. ಪ್ರೊಸೆಸರ್‌ಗೆ ಡಬಲ್ ಲೆಕ್ಕ ಹುಟ್ಟಿನಿಂದ ಬರುತ್ತದೆ. ನ್ಯೂಮರಿಕ್ ಲೆಕ್ಕವನ್ನು ಸಾಫ್ಟ್‌ವೇರ್ ಕೂತು ಮಾಡಬೇಕು.

ನಾನು ಹೊಸಬರಿಗೆ ಕೇಳುವ ಪ್ರಶ್ನೆ ಒಂದೇ: ಇದು ಎಣಿಸಿದ್ದೋ, ಅಳೆದದ್ದೋ? ಹಣ, ಸರಕಿನ ಸಂಖ್ಯೆ, ಅಂಕಗಳು, ಶೇಕಡಾ ದರ, ಇವನ್ನು ಯಾರೋ ಒಬ್ಬರು ಇಷ್ಟೇ ಎಂದು ನಿಗದಿ ಮಾಡಿರುತ್ತಾರೆ. ಅವು ಕೊನೆಯ ಅಂಕಿಯವರೆಗೂ ನಿಜ. ಅಳೆದದ್ದಕ್ಕೆ ಮೊದಲಿನಿಂದಲೂ ಒಂದು ಅಂದಾಜಿನ ಅಂಚು ಇರುತ್ತದೆ. ಡಬಲ್ ಆ ಅಂಚಿನ ಒಳಗೇ ಇರುತ್ತದೆ.

ಆದರೆ ಡಬಲ್ ಬದಲು ರಿಯಲ್ ಬಳಸುವವರು ಜೋಪಾನ. ನಾಲ್ಕು ಬೈಟ್‌ನ ರಿಯಲ್‌ನಲ್ಲಿ 24 ಬಿಟ್‌ಗಳಷ್ಟೇ ನಿಖರತೆ. ರೇಖಾಂಶ 100 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಒಂದು ಬೆಲೆಯಿಂದ ಮುಂದಿನ ಬೆಲೆಗೆ 0.0000076 ಡಿಗ್ರಿ ಜಿಗಿತ. ಭೂಮಧ್ಯರೇಖೆಯಲ್ಲಿ ಅದು ಸುಮಾರು 85 ಸೆಂಟಿಮೀಟರ್. ದಾರಿ ತೋರಿಸಲು ಸಾಕು, ಜಮೀನಿನ ಗಡಿ ಗುರುತಿಸಲು ಸಾಲದು. ಒಮ್ಮೆ ಒಂದು ಯಂತ್ರದ ಸುತ್ತುಗಳನ್ನು ಎಣಿಸುವ ಕಾಲಂ ರಿಯಲ್ ಆಗಿತ್ತು. 16777216 ತಲುಪಿದ ಮೇಲೆ ಅದು ಅಲ್ಲೇ ನಿಂತುಬಿಟ್ಟಿತು. ಒಂದು ಕೂಡಿಸಿದರೂ ಅದೇ, ಮತ್ತೊಂದು ಕೂಡಿಸಿದರೂ ಅದೇ. ಯಂತ್ರ ಮಾತ್ರ ತಿರುಗುತ್ತಲೇ ಇತ್ತು. ಎಣಿಕೆಯನ್ನು ಅಳತೆಯ ಪಾತ್ರೆಯಲ್ಲಿ ಇಟ್ಟದ್ದರ ಫಲ ಅದು.

ಡಬಲ್ ಕಾಲಂ ಮೇಲೆ ಸಮ ಚಿಹ್ನೆ ಹಾಕಿ ಹುಡುಕಬೇಡಿ. ಮೇಲಿನ ಮಿತಿ, ಕೆಳಗಿನ ಮಿತಿ ಕೊಟ್ಟು ಹುಡುಕಿ. ಒಂದೇ ಕ್ವೆರಿ ಎರಡು ಬಾರಿ ಓಡಿದಾಗ ಮೊತ್ತದ ಕೊನೆಯ ಅಂಕಿ ಬೇರೆ ಬಂದರೆ ಗಾಬರಿಯಾಗಬೇಡಿ. ಕೂಡುವ ಕ್ರಮ ಬದಲಾದರೆ ಡಬಲ್ ಮೊತ್ತವೂ ಬದಲಾಗುತ್ತದೆ, ಮತ್ತು ಕೆಲಸವನ್ನು ಹಲವು ಪ್ರಕ್ರಿಯೆಗಳಿಗೆ ಹಂಚುವ ಡೇಟಾಬೇಸ್ ಕ್ರಮದ ಭರವಸೆ ಕೊಡುವುದಿಲ್ಲ.

ಪೂರ್ಣಾಂಕ

ಇಷ್ಟೆಲ್ಲ ಏಕೆ? ಹಣವನ್ನು ಅತಿ ಸಣ್ಣ ನಾಣ್ಯದಲ್ಲಿ ಎಣಿಸಿ ಬಿಗ್‌ಇಂಟ್ ಎಂಬ ಪೂರ್ಣಾಂಕ ಟೈಪ್‌ನಲ್ಲಿ ಇಡಿ. ಚುಕ್ಕಿಯೇ ಇಲ್ಲದ ಮೇಲೆ ಚುಕ್ಕಿಯ ತೊಂದರೆ ಎಲ್ಲಿಂದ ಬರಬೇಕು? 9223372036854775807ರವರೆಗೆ ಜಾಗವಿದೆ. ಎಂಟೇ ಬೈಟ್, ವೇಗವಾದ ಲೆಕ್ಕ, ಯಾವ ಭಾಷೆಗೆ ಹೋದರೂ ಅದೇ ಅರ್ಥ.

ಕೋಷ್ಟಕ

ಪೂರ್ಣಾಂಕ ಅವರೇ, ಪಾವತಿ ಮತ್ತು ಖಾತೆಯ ಬಾಕಿಗೆ ನಿಮ್ಮ ದಾರಿ ಚೆನ್ನಾಗಿದೆ, ನಾನೂ ಬಳಸಿದ್ದೇನೆ. ಸಾಲುಲೆಕ್ಕ ಅವರ ಸಮಸ್ಯೆಗೆ ಅದು ಪೂರ್ತಿ ಹೊಂದುವುದಿಲ್ಲ. ಅವರ ದರದಲ್ಲೇ ಮೂರು ದಶಮಾಂಶಗಳಿವೆ. ಸಣ್ಣ ನಾಣ್ಯದಲ್ಲಿ ಎಣಿಸಿದರೆ 2.675 ಎಂಬುದು 267.5 ಆಗುತ್ತದೆ, ಚುಕ್ಕಿ ಮತ್ತೆ ಬಂತು.

ಅಲ್ಲದೆ ಸಣ್ಣ ನಾಣ್ಯ ಎಂದರೆ ಎಲ್ಲ ಕಡೆ ನೂರನೇ ಒಂದು ಭಾಗವಲ್ಲ. ಕರೆನ್ಸಿಗಳ ಐಎಸ್ಒ 4217 ಪಟ್ಟಿಯಲ್ಲಿ ಜಪಾನಿನ ಯೆನ್‌ಗೆ ದಶಮಾಂಶವೇ ಇಲ್ಲ, ಕುವೈತ್‌ನ ದಿನಾರ್‌ಗೆ ಮೂರು ಸ್ಥಾನಗಳು. ಎಲ್ಲೋ ಒಂದು ಕಡೆ 100ರಿಂದ ಭಾಗಿಸು ಎಂದು ಬರೆದು ಮರೆತ ಪ್ರೋಗ್ರಾಂ, ಹೊಸ ಕರೆನ್ಸಿ ಬಂದ ದಿನ ಹತ್ತು ಪಟ್ಟೋ ನೂರು ಪಟ್ಟೋ ತಪ್ಪುತ್ತದೆ. 0.01ರ ತಪ್ಪಿಗಿಂತ ಅದು ದೊಡ್ಡದು. ಬಿಗ್‌ಇಂಟ್ ಇಡುವುದಾದರೆ ಪಕ್ಕದ ಕಾಲಂನಲ್ಲಿ ಕರೆನ್ಸಿಯ ಸಂಕೇತ ಇರಲೇಬೇಕು.

ಪೂರ್ಣಾಂಕ

ದರದ ವಿಷಯ ಒಪ್ಪಿದೆ. ದರಕ್ಕೆ ನ್ಯೂಮರಿಕ್, ಅಂತಿಮ ಮೊತ್ತಕ್ಕೆ ಬಿಗ್‌ಇಂಟ್ ಎಂದು ತಿದ್ದಿಕೊಳ್ಳುತ್ತೇನೆ.

ಕಲಿಕೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಎಲ್ಲ ಹಣದ ಕಾಲಂಗಳೂ ಡೆಸಿಮಲ್(12,2), ಅಂದರೆ ಒಟ್ಟು 12 ಅಂಕಿ, ಚುಕ್ಕಿಯ ನಂತರ 2. ಪರೀಕ್ಷೆಗಳನ್ನು ಎಸ್‌ಕ್ಯೂಲೈಟ್ ಮೇಲೆ ಓಡಿಸುತ್ತೇವೆ, ನಿಜವಾದ ಸರ್ವರ್ ಮೈಎಸ್‌ಕ್ಯೂಎಲ್. ಹಾಗಾದರೆ ನಾವು ಸುರಕ್ಷಿತ ತಾನೇ?

ದ್ವಿಮಾನ

ಸರ್ವರ್‌ನಲ್ಲಿ ಹೌದು. ಪರೀಕ್ಷೆಯಲ್ಲಿ ಅಲ್ಲ.

ಎಸ್‌ಕ್ಯೂಲೈಟ್‌ನಲ್ಲಿ ದಶಮಾಂಶ ಟೈಪೇ ಇಲ್ಲ. ಡೆಸಿಮಲ್(12,2) ಎಂದು ಬರೆದರೆ ಅದು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಆ ಹೆಸರನ್ನು ನೋಡಿ, ಸಂಖ್ಯೆ ಬಂದರೆ ಸಂಖ್ಯೆಯಾಗಿ ಇಡು ಎಂಬ ಒಲವನ್ನಷ್ಟೇ ಕಾಲಂಗೆ ಕೊಡುತ್ತದೆ. ಒಳಗೆ ಕೂರುವುದು ಪೂರ್ಣಾಂಕ, ಇಲ್ಲವೇ ಎಂಟು ಬೈಟ್‌ನ ಫ್ಲೋಟ್. 12 ಮತ್ತು 2 ಎಂಬ ಮಿತಿಗಳನ್ನೂ ಅದು ಪಾಲಿಸುವುದಿಲ್ಲ. ನಿಮ್ಮ ಪರೀಕ್ಷೆ ಒಂದು ಲೋಕದಲ್ಲಿ ಪಾಸಾಗುತ್ತಿದೆ, ಗ್ರಾಹಕರು ಇನ್ನೊಂದು ಲೋಕದಲ್ಲಿದ್ದಾರೆ. ಹಣದ ಲೆಕ್ಕದ ಪರೀಕ್ಷೆಗಳನ್ನಾದರೂ ಮೈಎಸ್‌ಕ್ಯೂಎಲ್ ಮೇಲೆಯೇ ಓಡಿಸಿ.

ಡೇಟಾಬೇಸಿನಿಂದ ಹೊರಬಂದ ಮೇಲಿನ ದಾರಿಯನ್ನೂ ನೋಡಿಕೊಳ್ಳಿ. ಪೈಥಾನ್‌ನಲ್ಲಿ ಡೆಸಿಮಲ್ ಅನ್ನು ಜೇಸನ್‌ಗೆ (ಪ್ರೋಗ್ರಾಂಗಳು ದತ್ತಾಂಶ ಕಳುಹಿಸಲು ಬಳಸುವ ಪಠ್ಯರೂಪ) ಬರೆಯಲು ಹೋದರೆ ದೋಷ ಬರುತ್ತದೆ. ಆಗ ಕೈ ತಾನಾಗಿ ಫ್ಲೋಟ್ ಎಂದು ಟೈಪ್ ಮಾಡುತ್ತದೆ. ಮಾಡಬೇಡಿ, ಮೊತ್ತವನ್ನು ಅಕ್ಷರಸರಣಿಯಾಗಿ ಕಳುಹಿಸಿ. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಜೇಸನ್‌ನ ಸಂಖ್ಯೆಯನ್ನು ಡಬಲ್ ಆಗಿಯೇ ಓದುತ್ತದೆ, ಪೂರ್ಣಾಂಕವಾದರೂ ಅಷ್ಟೇ. 9007199254740993 ಎಂಬ ಗುರುತಿನ ಸಂಖ್ಯೆ ಕಳುಹಿಸಿದರೆ ಅಲ್ಲಿ ಅದು 9007199254740992 ಆಗುತ್ತದೆ. ಯಾವ ದೋಷವೂ ಇಲ್ಲ, ಯಾವ ಎಚ್ಚರಿಕೆಯೂ ಇಲ್ಲ. ಇನ್ನೊಬ್ಬರ ದಾಖಲೆ ತೆರೆದುಕೊಳ್ಳುತ್ತದೆ.

ಕಾಲಂನ ಟೈಪ್ ಸರಿಯಿದ್ದರೆ ಸಾಲದು. ಡೇಟಾಬೇಸ್, ಅದನ್ನು ಪ್ರೋಗ್ರಾಂಗೆ ಜೋಡಿಸುವ ಡ್ರೈವರ್, ಪ್ರೋಗ್ರಾಂ, ಜೇಸನ್, ಬ್ರೌಸರ್ ಎಂಬ ಐದು ಕೈಗಳನ್ನು ಸಂಖ್ಯೆ ದಾಟುತ್ತದೆ. ನಡುವೆ ಯಾರಾದರೂ ಒಬ್ಬರು ಅದನ್ನು ಡಬಲ್ ಮಾಡಿದರೆ ಉಳಿದ ನಾಲ್ವರ ಶಿಸ್ತು ನೀರಿನಲ್ಲಿ ಹೋಮ.

ಸಾಲುಲೆಕ್ಕ

ನಿನ್ನೆ ಇಡೀ ದಿನ ಕೂತು ಬದಲಿಸಿದೆ. ಪರೀಕ್ಷಾ ಪ್ರತಿಯಲ್ಲಿ ದರವನ್ನು ನ್ಯೂಮರಿಕ್(12,4) ಮಾಡಿದೆ. ಪ್ರೋಗ್ರಾಂನಲ್ಲಿದ್ದ ಫ್ಲೋಟ್‌ಗಳನ್ನೆಲ್ಲ ಕಿತ್ತುಹಾಕಿದೆ. ಹಳೆಯ ತಿಂಗಳ ಬಿಲ್‌ಗಳನ್ನು ಹೊಸದಾಗಿ ಲೆಕ್ಕ ಹಾಕಿಸಿದಾಗ 2.675ರ ಸಾಲು 2.68 ಬಂತು. ಖುಷಿಯಾಯಿತು.

ಆ ಖುಷಿ ಅರ್ಧ ಗಂಟೆ ಉಳಿಯಿತು. ಮೊದಲು ತಾಳೆಯಾಗುತ್ತಿದ್ದ ಬೇರೆ ಸಾಲುಗಳು ಈಗ ತಾಳೆಯಾಗುತ್ತಿಲ್ಲ. ದರ 2.665, ಪ್ರಮಾಣ 1: ಪೈಥಾನ್ ಡೆಸಿಮಲ್ 2.66 ಎನ್ನುತ್ತದೆ, ಪೋಸ್ಟ್‌ಗ್ರೆಸ್ 2.67 ಎನ್ನುತ್ತದೆ. ಈಗ ಎರಡೂ ಕಡೆ ದಶಮಾಂಶವೇ ಅಲ್ಲವೇ? ಬಾಲವೇ ಇಲ್ಲದ ಮೇಲೆ ಇದೇನು?

ಕೋಷ್ಟಕ

ಇದು ನಿಮ್ಮ ನಿಜವಾದ ಪ್ರಶ್ನೆ. ಇಷ್ಟು ದಿನ ಮೊದಲನೆಯದರ ಹಿಂದೆ ಅಡಗಿತ್ತು.

ಸರಿ ಅರ್ಧ ಬಂದಾಗ ಯಾವ ಕಡೆ ಹೋಗಬೇಕು ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ನಿಯಮಗಳಿವೆ. ಪೋಸ್ಟ್‌ಗ್ರೆಸ್‌ನ ನ್ಯೂಮರಿಕ್ ಸೊನ್ನೆಯಿಂದ ದೂರಕ್ಕೆ ಒಯ್ಯುತ್ತದೆ: 2.665 ಎಂದರೆ 2.67, ಋಣ 2.665 ಎಂದರೆ ಋಣ 2.67. ಪೈಥಾನ್‌ನ ಡೆಸಿಮಲ್ ಬೇರೆ ಸೂಚನೆ ಇಲ್ಲದಿದ್ದರೆ ಹತ್ತಿರದ ಸಮ ಅಂಕಿಗೆ ಒಯ್ಯುತ್ತದೆ: 2.665ಕ್ಕೆ 2.66, 2.675ಕ್ಕೆ 2.68. ಅದಕ್ಕೇ ನಿಮ್ಮ ಮೊದಲ ಸಾಲು ಸರಿಹೋಯಿತು, ಎರಡನೆಯದು ಕೆಟ್ಟಿತು. ಸಮ ಅಂಕಿಯ ನಿಯಮ ತಪ್ಪಲ್ಲ. ಲಕ್ಷಗಟ್ಟಲೆ ಸಾಲುಗಳನ್ನು ಕೂಡಿದಾಗ ಮೊತ್ತ ಒಂದೇ ಕಡೆ ವಾಲದಿರಲಿ ಎಂಬುದು ಅದರ ಉದ್ದೇಶ.

ಯಾವುದು ಸರಿ ಎಂದು ಪ್ರೋಗ್ರಾಮರ್ ನಿರ್ಧರಿಸಬಾರದು. ಬಿಲ್ಲಿನ ನಿಯಮ ಬರೆದವರನ್ನು ಕೇಳಿ. ಮೂರು ಪ್ರಶ್ನೆಗಳಿಗೆ ಅವರಿಂದ ಲಿಖಿತ ಉತ್ತರ ತನ್ನಿ: ಅರ್ಧ ಎಲ್ಲಿಗೆ ಹೋಗಬೇಕು, ರೌಂಡ್ ಪ್ರತಿ ಸಾಲಿಗೋ ಒಟ್ಟು ಮೊತ್ತಕ್ಕೋ, ಮತ್ತು ವಾಪಸಾತಿಯ ಋಣ ಮೊತ್ತಕ್ಕೂ ಅದೇ ನಿಯಮವೇ. ಎರಡನೆಯದನ್ನು ಜನ ಮರೆಯುತ್ತಾರೆ. 0.335ರ ಮೂರು ಸಾಲುಗಳನ್ನು ಒಂದೊಂದಾಗಿ ಮೇಲಕ್ಕೆ ರೌಂಡ್ ಮಾಡಿ ಕೂಡಿದರೆ 1.02, ಮೊದಲು ಕೂಡಿ ಆಮೇಲೆ ರೌಂಡ್ ಮಾಡಿದರೆ 1.005 ಹೋಗಿ 1.01. ಎರಡೂ ನಿಖರವಾದ ದಶಮಾಂಶ ಲೆಕ್ಕವೇ.

ಉತ್ತರ ಸಿಕ್ಕ ಮೇಲೆ ಆ ನಿಯಮವನ್ನು ಒಂದೇ ಫಂಕ್ಷನ್‌ನಲ್ಲಿ, ರೌಂಡಿಂಗ್ ವಿಧಾನದ ಹೆಸರು ಹೇಳಿ ಬರೆಯಿರಿ. ಉಳಿದೆಲ್ಲ ಕಡೆಯಿಂದ ರೌಂಡ್ ತೆಗೆದುಬಿಡಿ. ನೀವು ಮೊದಲು ನಡುನಡುವೆ ಸೇರಿಸಿದ ರೌಂಡ್‌ಗಳು ವ್ಯತ್ಯಾಸ ಹೆಚ್ಚಿಸಿದ್ದು ಇದಕ್ಕೇ.

ಸಾಲುಲೆಕ್ಕ

ಕೇಳಿದೆ. ಅರ್ಧ ಮೇಲಕ್ಕೆ, ರೌಂಡ್ ಪ್ರತಿ ಸಾಲಿಗೆ, ಋಣಕ್ಕೂ ಅದೇ ನಿಯಮ. ಅಚ್ಚರಿಯೆಂದರೆ ಅವರಲ್ಲಿ ಇದು ಮೊದಲೇ ಬರೆದಿಟ್ಟಿತ್ತು, ನಮ್ಮ ತಂಡದಲ್ಲಿ ಯಾರೂ ಕೇಳಿರಲಿಲ್ಲ. ಈಗ ಬಿಲ್‌ಗಳು ತಾಳೆಯಾಗುತ್ತಿವೆ.

ಇನ್ನೊಂದು ಹಳೆಯ ಟೇಬಲ್ ಉಳಿದಿದೆ. ಅದರಲ್ಲಿ ಆರಂಭಿಕ ಬಾಕಿಯ ಕಾಲಂ ರಿಯಲ್. ಅದನ್ನೂ ಪ್ರತಿಯಲ್ಲಿ ನ್ಯೂಮರಿಕ್‌ಗೆ ಬದಲಿಸಿ ನೋಡಿದರೆ, 1234567.8 ಎಂದು ಕಾಣುತ್ತಿದ್ದ ಬಾಕಿ 1234570 ಆಗಿಬಿಟ್ಟಿತು! ಎರಡಕ್ಕಿಂತ ಹೆಚ್ಚೇ ವ್ಯತ್ಯಾಸ. ನಿಜವಾದ ಸರ್ವರ್‌ನಲ್ಲಿ ಮಾಡಿದ್ದರೆ ಏನಾಗುತ್ತಿತ್ತೋ.

ದ್ವಿಮಾನ

ಪ್ರತಿಯಲ್ಲಿ ಮಾಡಿದ್ದು ನಿಮ್ಮನ್ನು ಉಳಿಸಿತು. ಡಬಲ್‌ನಿಂದ ನ್ಯೂಮರಿಕ್‌ಗೆ 15 ಅಂಕಿ ಎಂದು ಮೇಲೆ ಕೋಷ್ಟಕ ಅವರು ಬರೆದರಲ್ಲ, ರಿಯಲ್‌ನಿಂದ ಬದಲಿಸುವಾಗ ಉಳಿಯುವುದು 6 ಅಂಕಿ. 1234567.8ರ ಮೊದಲ ಆರು ಅಂಕಿಗಳನ್ನು ರೌಂಡ್ ಮಾಡಿದರೆ 1234570.

ಮೊದಲು ಟೆಕ್ಸ್ಟ್‌ಗೆ ಬದಲಿಸಿ, ಅಲ್ಲಿಂದ ನ್ಯೂಮರಿಕ್‌ಗೆ ಬನ್ನಿ. ಪೋಸ್ಟ್‌ಗ್ರೆಸ್ 12ರಿಂದ ಈಚೆಗೆ ಟೆಕ್ಸ್ಟ್ ರೂಪ ಆ ಬೆಲೆಯನ್ನು ಮಾತ್ರ ಗುರುತಿಸುವ ಅತಿ ಚಿಕ್ಕ ದಶಮಾಂಶವಾಗಿರುತ್ತದೆ, ಹಾಗಾಗಿ 1234567.8 ಸಿಗುತ್ತದೆ. ಡಬಲ್ ಮೂಲಕ ಹೋದರೆ 1234567.75 ಬರುತ್ತದೆ, ಕಾಲಂನಲ್ಲಿ ನಿಜವಾಗಿ ಕೂತಿರುವುದು ಅದೇ. ಆ ಗಾತ್ರದಲ್ಲಿ ರಿಯಲ್ 0.125ರ ಹೆಜ್ಜೆಯಲ್ಲಿ ನಡೆಯುತ್ತದೆ.

ಒಂದು ಮಾತು ಮಾತ್ರ ಮನಸ್ಸಿನಲ್ಲಿಡಿ. ಟೆಕ್ಸ್ಟ್ ಮೂಲಕ ಬಂದದ್ದು ನೋಡಲು ಚೊಕ್ಕಟವಾಗಿದೆ ಎಂದ ಮಾತ್ರಕ್ಕೆ ಅದು ಮೂಲ ಬಾಕಿ ಎಂದಾಗುವುದಿಲ್ಲ. ಬರೆಯುವಾಗ 1234567.78 ಇದ್ದಿದ್ದರೂ ಈಗ 1234567.8 ಎಂದೇ ಕಾಣುತ್ತದೆ. ಕಳೆದುಹೋದ ಅಂಕಿಯನ್ನು ಯಾವ ಬದಲಾವಣೆಯೂ ಮರಳಿ ತರುವುದಿಲ್ಲ. ದೊಡ್ಡ ಬಾಕಿಗಳನ್ನು ಮೂಲ ದಾಖಲೆಯ ಜೊತೆ ತಾಳೆ ನೋಡಿಯೇ ತುಂಬಿ.

ಸಾಲುಲೆಕ್ಕ

ಹಾಗೆಯೇ ಮಾಡುತ್ತೇನೆ. ದೊಡ್ಡ ಬಾಕಿಗಳು ನಲವತ್ತರಷ್ಟಿವೆ, ಕೈಯಲ್ಲೇ ನೋಡಬಹುದು. ಕೊನೆಯ ಪ್ರಶ್ನೆ: ಈಗಾಗಲೇ ಕಳುಹಿಸಿದ ಬಿಲ್‌ಗಳಲ್ಲಿ 2.67 ಎಂದಿರುವ ಸಾಲುಗಳನ್ನು 2.68 ಎಂದು ತಿದ್ದಬೇಕೇ?

ಕೋಷ್ಟಕ

ಬೇಡ. ಆ ಬಿಲ್ ಗ್ರಾಹಕರ ಕೈಯಲ್ಲಿದೆ, ಅದರಂತೆ ಹಣವೂ ಬಂದಿದೆ. 2.67 ಎಂಬುದು ಈಗ ಲೆಕ್ಕದ ಫಲವಲ್ಲ, ನಡೆದುಹೋದ ಸಂಗತಿ. ಸದ್ದಿಲ್ಲದೆ ಅಪ್‌ಡೇಟ್ ಮಾಡಿದರೆ ನಿಮ್ಮ ಡೇಟಾಬೇಸ್ ಮತ್ತು ಅವರ ಕೈಯಲ್ಲಿರುವ ಕಾಗದ ಎರಡು ಮಾತನಾಡುತ್ತವೆ. ವ್ಯತ್ಯಾಸವನ್ನು ಸರಿದೂಗಿಸಬೇಕೆಂದು ನಿಯಮ ಬರೆದವರು ಹೇಳಿದರೆ ಹೊಂದಾಣಿಕೆಯ ಹೊಸ ಸಾಲು ಹಾಕಿ, ಹಳೆಯದನ್ನು ಮುಟ್ಟಬೇಡಿ.

ತಿದ್ದಬೇಕಾದದ್ದು ವರದಿಯನ್ನು. ಅದು ದರವನ್ನು ಮತ್ತೆ ಗುಣಿಸುವುದನ್ನು ನಿಲ್ಲಿಸಿ, ಉಳಿಸಿದ ಮೊತ್ತವನ್ನೇ ಕೂಡಲಿ. ಮರುಲೆಕ್ಕವನ್ನು ಬೇರೆಯೇ ಒಂದು ತಪಾಸಣೆಯ ಕ್ವೆರಿಯಾಗಿ ಇಟ್ಟುಕೊಳ್ಳಿ, ಹೊಸ ನಿಯಮ ಜಾರಿಗೆ ಬಂದ ದಿನದ ನಂತರದ ಸಾಲುಗಳ ಮೇಲೆ ಮಾತ್ರ ಓಡಿಸಿ. ಅದು ಒಂದೇ ಒಂದು ಸಾಲನ್ನು ಹೊರಹಾಕಿದರೂ, ಯಾರೋ ಎಲ್ಲೋ ಮತ್ತೆ ಫ್ಲೋಟ್ ಸೇರಿಸಿದ್ದಾರೆಯೇ ಎಂದು ಅಂದೇ ಹುಡುಕಿ.